ಬೈದುಕೊಂಡರೆ ಗಾಡಿ ಕೀ ಸಿಗುವುದಿಲ್ಲ

ಖಾತೆಯಲ್ಲಿ ದುಡ್ಡಿತ್ತು. ಕಟ್ಟಲು ಫೋನಿನಲ್ಲೇ ಆ್ಯಪ್ ಇತ್ತು. ಕರೆಂಟ್ ಬಿಲ್ಲು ಹದಿನೈದು ದಿನದಿಂದ ಫ್ರಿಜ್ ಮೇಲೆ ಕೂತಿತ್ತು. ಆದರೂ ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋದ. "ಎರಡು ನಿಮಿಷದ ಕೆಲಸ, ಮಾಡೋಕೇನಾಗಿತ್ತು?" ಎಂದು ಮನೆಯವರು ಕೇಳಿದರೆ ಮರೆತವರ ಹತ್ತಿರ ಉತ್ತರವಿಲ್ಲ. ಪೂರ್ತಿ ಮರೆತದ್ದೂ ಅಲ್ಲ. ದಿನಕ್ಕೆ ನಾಲ್ಕು ಸಲ ನೆನಪಾಗುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗ, ಸ್ನಾನಕ್ಕೆ ಹೋದಾಗ, ಮೀಟಿಂಗ್ ನಡುವೆ. ಕೈಯಲ್ಲಿ ಫೋನಿದ್ದು ಬಿಡುವೂ ಇದ್ದ ಗಳಿಗೆಯಲ್ಲಿ ಮಾತ್ರ ನೆನಪಾಗಲಿಲ್ಲ.

ಇದೇ ಮನುಷ್ಯ ಕಚೇರಿಯ ಸರ್ವರ್ ಕೈಕೊಟ್ಟ ರಾತ್ರಿ ಊಟ ಬಿಟ್ಟು ಬೆಳಗಿನ ಜಾವದ ತನಕ ಕೂತು ಸರಿಮಾಡಿದವರು. ಹಾಗಾಗಿ ಊರಿನ ತೀರ್ಪು ಸುಲಭ: "ಬೇಕಾದ್ದಕ್ಕೆಲ್ಲ ಗಮನ ಬರುತ್ತೆ, ಬೇಡದ್ದಕ್ಕೆ ಬರಲ್ಲ. ಕೊಬ್ಬು." ಈ ತೀರ್ಪನ್ನು ಬಾಲ್ಯದಿಂದ ಕೇಳಿ ಕೇಳಿ ಕೊನೆಗೆ ತಮ್ಮ ಬಗ್ಗೆ ತಾವೇ ಅದನ್ನು ನಂಬಿದವರು ಬಹಳ. ಅವರಲ್ಲಿ ಒಂದಷ್ಟು ಮಂದಿಗೆ ಇರುವುದು ಎಡಿಎಚ್‌ಡಿ. ಗಮನವನ್ನು ಬೇಕಾದ ಕಡೆ ತಿರುಗಿಸುವುದು, ಕೆಲಸ ಶುರುಮಾಡುವುದು, ಸಮಯವನ್ನು ಅಂದಾಜು ಮಾಡುವುದು, ಆವೇಗ ತಡೆಯುವುದು ಇವೆಲ್ಲ ಕಷ್ಟವಾಗುವ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ ಅದು.

ಇದು ಶಾಲೆಯಲ್ಲಿ ಬೆಂಚಿನ ಮೇಲೆ ಕೂರಲಾಗದೆ ಕುಣಿಯುವ ಹುಡುಗರ ಸಮಸ್ಯೆ, ಮೀಸೆ ಬಂದ ಮೇಲೆ ತಾನೇ ಹೋಗುತ್ತದೆ ಎಂದು ವೈದ್ಯರೂ ಬಹುಕಾಲ ನಂಬಿದ್ದರು. ಹೋಗುವುದು ಸಾಮಾನ್ಯವಾಗಿ ಕುಣಿತ ಮಾತ್ರ. ಒಳಗಿನ ಚಡಪಡಿಕೆ, ಮರೆವು, ಮುಂದೂಡುವಿಕೆ ಅನೇಕರಲ್ಲಿ ಉಳಿಯುತ್ತವೆ. 20 ದೇಶಗಳಲ್ಲಿ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ವಯಸ್ಕರಲ್ಲಿ ಇದರ ಪ್ರಮಾಣ ಸುಮಾರು ಶೇ 2.8. ವಂಶವಾಹಿಯ ಪಾತ್ರ ದೊಡ್ಡದು; ಅವಳಿ ಮಕ್ಕಳ ಅಧ್ಯಯನಗಳು ಅದನ್ನು ಶೇ 70ಕ್ಕೂ ಮೇಲೆ ಎನ್ನುತ್ತವೆ. ಮಗನನ್ನು ಪರೀಕ್ಷೆಗೆ ಕರೆದೊಯ್ದ ಅಪ್ಪ ವೈದ್ಯರ ಪ್ರಶ್ನೆಗಳನ್ನು ಕೇಳುತ್ತಾ ಕೇಳುತ್ತಾ "ಇದೆಲ್ಲಾ ನನಗೂ ಇದೆಯಲ್ಲ ಡಾಕ್ಟ್ರೇ" ಎನ್ನುವುದು ಮನೋವೈದ್ಯರ ಕೋಣೆಯಲ್ಲಿ ಅಪರೂಪದ ದೃಶ್ಯವೇನಲ್ಲ.

ತಡವಾಗಿ ತಿಳಿಯುವುದೂ ಅಪರೂಪವಲ್ಲ. ತಮಗೆ ಎಡಿಎಚ್‌ಡಿ ಇರುವುದು 41ನೇ ವಯಸ್ಸಿನಲ್ಲಿ ಪತ್ತೆಯಾಯಿತು ಎಂದು ನಟ ಫಹಾದ್ ಫಾಸಿಲ್ 2024ರಲ್ಲಿ ಕೇರಳದ ಸಮಾರಂಭವೊಂದರಲ್ಲಿ ಹೇಳಿದರು. ಅದೇ ವರ್ಷ ಆಲಿಯಾ ಭಟ್ ಕೂಡ ಹೀಗೆಯೇ ಹೇಳಿಕೊಂಡರು. ಆಮೇಲೆ ಫೋನಿನ ತುಂಬ ರೀಲ್‌ಗಳು. ಎರಡು ಸಲ ಚಾರ್ಜರ್ ಮರೆತವರೂ ತಮಗೆ ಎಡಿಎಚ್‌ಡಿ ಎನ್ನತೊಡಗಿದರು.

ಅನುಮಾನ ಬಂದರೆ

ರೀಲ್ ನೋಡಿ ಅನುಮಾನ ಬಂದರೆ ತಪ್ಪೇನಿಲ್ಲ, ತೀರ್ಮಾನವನ್ನು ಮಾತ್ರ ಅಲ್ಲಿಂದ ತೆಗೆದುಕೊಳ್ಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಜೊತೆಗೂಡಿ ತಜ್ಞರು ರೂಪಿಸಿದ, ಎಎಸ್‌ಆರ್‌ಎಸ್ ಎಂಬ 18 ಪ್ರಶ್ನೆಗಳ ಪಟ್ಟಿಯೊಂದಿದೆ. ಅದರ ಮೊದಲ ಆರು ಪ್ರಶ್ನೆಗಳೇ ಜರಡಿ. ಕೆಲಸದ ಕಠಿಣ ಭಾಗ ಮುಗಿದ ಮೇಲೆ ಕೊನೆಯ ಚೂರುಪಾರು ಮುಗಿಸಲು ಕಷ್ಟವಾಗುತ್ತದೆಯೇ? ಒಪ್ಪ ಮಾಡಿ ಜೋಡಿಸಬೇಕಾದ ಕೆಲಸ ತಡವರಿಸುತ್ತದೆಯೇ? ಹೋಗಬೇಕಾದ ಕಡೆ, ಕೊಟ್ಟ ಮಾತು ಮರೆಯುತ್ತದೆಯೇ? ತಲೆ ಓಡಿಸಬೇಕಾದ ಕೆಲಸವನ್ನು ಶುರುಮಾಡದೆ ಮುಂದೂಡುತ್ತೀರಾ? ಬಹಳ ಹೊತ್ತು ಕೂರಬೇಕಾದಾಗ ಕೈಕಾಲು ಆಡುತ್ತಲೇ ಇರುತ್ತವೆಯೇ? ಒಳಗೆ ಮೋಟಾರು ಇಟ್ಟ ಹಾಗೆ ಸದಾ ಓಡುತ್ತಿರುತ್ತೀರಾ? ಎಂದಾದರೊಮ್ಮೆ ಹೌದು ಎನ್ನದವರು ಯಾರೂ ಇಲ್ಲ. ಇಲ್ಲಿ ಕೇಳುತ್ತಿರುವುದು ಎಷ್ಟು ಸಲ ಎಂದು. ನಾಲ್ಕು ಅಥವಾ ಹೆಚ್ಚು ಪ್ರಶ್ನೆಗಳ ಉತ್ತರ 'ಪದೇ ಪದೇ' ಎಂಬ ಕಡೆಗೆ ವಾಲಿದರೆ ವೈದ್ಯರನ್ನು ಕಾಣುವುದು ಲೇಸು.

ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಎಡಿಎಚ್‌ಡಿ ತೋರಿಸುವುದಿಲ್ಲ. ವೈದ್ಯರು ನೋಡುವುದು ಜೀವನದ ಕಥೆಯನ್ನು. 2013ರಲ್ಲಿ ಬಂದ ಡಿಎಸ್‌ಎಂ-5 ಎಂಬ ಅಮೆರಿಕದ ಕೈಪಿಡಿಯ ಪ್ರಕಾರ 17 ದಾಟಿದವರಲ್ಲಿ ಕನಿಷ್ಠ ಐದು ಲಕ್ಷಣಗಳಿರಬೇಕು, ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ತೊಂದರೆ ಮನೆಯಲ್ಲೂ ಹೊರಗೂ ಇರಬೇಕು. ಹೀಗಾಗಿ ಹಳೆಯ ಮಾರ್ಕ್ಸ್ ಕಾರ್ಡಿಗೆ ಇಲ್ಲಿ ದೊಡ್ಡ ಬೆಲೆ. "ಬುದ್ಧಿವಂತ, ಆದರೆ ಗಮನ ಸಾಲದು" ಎಂದು ಐದನೇ ಕ್ಲಾಸಿನ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದ ಸಾಲು ಮೂವತ್ತು ವರ್ಷದ ನಂತರ ಸಾಕ್ಷಿಯಾಗುತ್ತದೆ. ಅಮ್ಮನೋ ಅಕ್ಕನೋ ಜೊತೆಗೆ ಬಂದರೆ ಇನ್ನೂ ಒಳ್ಳೆಯದು.

ವೈದ್ಯರು ಬೇರೆ ಕಾರಣಗಳನ್ನೂ ಹುಡುಕುತ್ತಾರೆ. ಥೈರಾಯ್ಡ್, ರಕ್ತಹೀನತೆ, ಗೊರಕೆಯಿಂದ ಕೆಡುವ ನಿದ್ದೆ, ಖಿನ್ನತೆ, ಆತಂಕ, ಕುಡಿತ ಎಲ್ಲವೂ ಗಮನವನ್ನು ತಿನ್ನಬಲ್ಲವು. ನಲವತ್ತರಲ್ಲಿ ದಿಢೀರನೆ ಶುರುವಾದ ಮರೆವಿಗೆ ಎಡಿಎಚ್‌ಡಿ ಕಾರಣವಾಗಿರುವ ಸಂಭವ ಕಡಿಮೆ. ಇನ್ನೊಂದು ತೊಡಕೆಂದರೆ ಎಡಿಎಚ್‌ಡಿ ಇರುವವರಲ್ಲಿ ಆತಂಕ, ಖಿನ್ನತೆ ಜೊತೆಯಾಗಿ ಬರುವುದು ಬಲು ಸಾಮಾನ್ಯ. ವರ್ಷಗಟ್ಟಲೆ ಆತಂಕಕ್ಕೆ ಮಾತ್ರೆ ನುಂಗಿಯೂ ಮೇಜಿನ ಮೇಲಿನ ಕಡತ ಕರಗದಿದ್ದವರು ಎರಡನೇ ಅಭಿಪ್ರಾಯ ಕೇಳಬಹುದು.

ಎಲ್ಲಿಗೆ ಹೋಗುವುದು? ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್, ಉಳಿದೆಡೆ ವೈದ್ಯಕೀಯ ಕಾಲೇಜುಗಳ ಮನೋವೈದ್ಯ ವಿಭಾಗ ಮತ್ತು ಜಿಲ್ಲಾ ಆಸ್ಪತ್ರೆ ಇವೆ. ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯದವರು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಫೋನಿನಲ್ಲಿ ಎಡಿಎಚ್‌ಡಿ ಇದೆ ಇಲ್ಲ ಎಂದು ನಿರ್ಧರಿಸುವುದು ಅವರ ಕೆಲಸವಲ್ಲ, ಮುಂದಿನ ದಾರಿ ತೋರಿಸುತ್ತಾರೆ.

ಮಾತ್ರೆಯ ಮಾತು

ವಯಸ್ಕರ ಎಡಿಎಚ್‌ಡಿಗೆ ನಮ್ಮ ದೇಶದಲ್ಲಿ ಹೆಚ್ಚಾಗಿ ಬರೆಯುವುದು ಎರಡು ಔಷಧಗಳನ್ನು: ಮೀಥೈಲ್‌ಫೆನಿಡೇಟ್ ಮತ್ತು ಆಟಮಾಕ್ಸೆಟಿನ್. ಮೊದಲನೆಯದು ಗಂಟೆಯೊಳಗೆ ಕೆಲಸ ಶುರುಮಾಡಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಎರಡನೆಯದು ದಿನವೂ ತೆಗೆದುಕೊಂಡು ಕೆಲವು ವಾರ ಕಾಯಬೇಕಾದದ್ದು. ಮೀಥೈಲ್‌ಫೆನಿಡೇಟ್‌ನ ಕಥೆ ಸ್ವಾರಸ್ಯವಾಗಿದೆ. 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪನಿಜ್ಜಾನ್ ಇದನ್ನು ತಯಾರಿಸಿದರು. ಹೆಂಡತಿ ಮಾರ್ಗರೀಟ್ ಟೆನಿಸ್ ಆಡುವ ಮುನ್ನ ಇದನ್ನು ತೆಗೆದುಕೊಳ್ಳುತ್ತಿದ್ದರಂತೆ. ಮನೆಯಲ್ಲಿ ಆಕೆಯನ್ನು ಕರೆಯುತ್ತಿದ್ದ 'ರೀಟಾ' ಎಂಬ ಹೆಸರಿನಿಂದಲೇ ರಿಟಾಲಿನ್ ಎಂಬ ಬ್ರ್ಯಾಂಡ್ ಹುಟ್ಟಿತು.

ಇಂದು ಅದು ಮಾದಕವಸ್ತು ನಿಯಂತ್ರಣ ಕಾಯ್ದೆಯಡಿ ಬರುವ ಔಷಧ. ಚೀಟಿಯಿಲ್ಲದೆ ಸಿಗದು, ಚೀಟಿಯಿದ್ದರೂ ಎಲ್ಲ ಮೆಡಿಕಲ್ ಶಾಪಿನಲ್ಲಿ ಇರದು. ಶುರುಮಾಡುವ ಮುನ್ನ ಬಿಪಿ, ನಾಡಿ ಬಡಿತ, ಮನೆತನದಲ್ಲಿ ಹೃದಯದ ಕಾಯಿಲೆ ಇದೆಯೇ ಎಂಬುದನ್ನು ವೈದ್ಯರು ನೋಡುತ್ತಾರೆ. ಹಸಿವು ಕಡಿಮೆಯಾಗುವುದು, ನಿದ್ದೆ ಕೆಡುವುದು ಸಾಮಾನ್ಯ ಅಡ್ಡಪರಿಣಾಮಗಳು. ಮಗನಿಗೆ ಬರೆದುಕೊಟ್ಟ ಮಾತ್ರೆಯನ್ನು ಅಪ್ಪ ಒಂದು ನುಂಗಿ ನೋಡುವುದು, ಪರೀಕ್ಷೆಯ ಹಿಂದಿನ ರಾತ್ರಿ ಗೆಳೆಯನಿಂದ ಇಸಿದುಕೊಳ್ಳುವುದು ಎರಡೂ ಅಪಾಯವೇ.

ಔಷಧ ಅನೇಕರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಮಾತ್ರೆ ಕರೆಂಟ್ ಬಿಲ್ ಕಟ್ಟುವುದಿಲ್ಲ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸ್ಟೀವನ್ ಸ್ಯಾಫ್ರನ್ ತಂಡ ಔಷಧ ತೆಗೆದುಕೊಳ್ಳುತ್ತಿದ್ದರೂ ತೊಂದರೆ ಉಳಿದಿದ್ದ 86 ವಯಸ್ಕರನ್ನು ಎರಡು ಗುಂಪು ಮಾಡಿತು. ಒಂದಕ್ಕೆ ದೇಹ ಮನಸ್ಸು ಸಡಿಲಿಸುವ ಅಭ್ಯಾಸ, ಇನ್ನೊಂದಕ್ಕೆ ಪಟ್ಟಿ, ಕ್ಯಾಲೆಂಡರ್, ಕೆಲಸ ಒಡೆಯುವ ರೀತಿ, ಯೋಚನೆ ತಿದ್ದಿಕೊಳ್ಳುವ ರೀತಿ ಕಲಿಸುವ ಚಿಕಿತ್ಸೆ. 2010ರಲ್ಲಿ ಬಂದ ಫಲಿತಾಂಶದಲ್ಲಿ ಎರಡನೇ ಗುಂಪು ಸ್ಪಷ್ಟವಾಗಿ ಮುಂದಿತ್ತು, ಕಲಿತದ್ದು ತಿಂಗಳುಗಳ ನಂತರವೂ ಉಳಿದಿತ್ತು. ಮುಂದೆ ಬರುವ ಉಪಾಯಗಳಲ್ಲಿ ಕೆಲವು ಆ ಚಿಕಿತ್ಸೆಯಲ್ಲೂ ಇರುವಂಥವು.

ಮೊದಲು ಬೈಗುಳ ನಿಲ್ಲಲಿ

ಉಪಾಯಗಳಿಗೂ ಮೊದಲು ಮಾತಾಡಬೇಕಾದ ವಿಷಯ ಒಂದಿದೆ. "ಥೂ, ನನ್ನ ಜನ್ಮಕ್ಕಿಷ್ಟು!" ಎಂದು ತಮಗೆ ತಾವೇ ಹೇಳಿಕೊಳ್ಳುವ ಮಾತು. ಕೀ ಹುಡುಕುವಾಗ, ಗಡುವು ದಾಟಿದಾಗ, ಅತ್ತೆಯ ಎದುರು ಹಾಲು ಉಕ್ಕಿದಾಗ ಬಾಯಿಗೆ ಬರುವ ಮಾತು. ಎಡಿಎಚ್‌ಡಿ ಇರುವವರು ಇದನ್ನು ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತಾರೋ. ಬೈದುಕೊಳ್ಳದಿದ್ದರೆ ತಾವು ಇನ್ನೂ ಸಡಿಲ ಬಿಡುತ್ತೇವೆ ಎಂಬ ಭಯವೂ ಅದರ ಜೊತೆಗಿರುತ್ತದೆ.

ಈ ಭಯಕ್ಕೆ ಆಧಾರ ಕಡಿಮೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಎರಡು ಪರೀಕ್ಷೆಗಳ ಉದ್ದಕ್ಕೂ ಗಮನಿಸಿದರು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ, ಆದದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೇ ಪರೀಕ್ಷೆಗೆ ಕಡಿಮೆ ಮುಂದೂಡಿದರು. 2010ರಲ್ಲಿ ಬಂದ ಈ ಅಧ್ಯಯನ ಎಡಿಎಚ್‌ಡಿ ಇರುವವರನ್ನೇ ಕುರಿತದ್ದಲ್ಲ, ಆದರೆ ಇಲ್ಲಿಗೂ ಒಪ್ಪುತ್ತದೆ. ಕೆಲಸವನ್ನು ಮುಂದೂಡುವುದರ ಬೇರು ಎಷ್ಟೋ ಸಲ ಆ ಕೆಲಸದ ಬಗ್ಗೆ ಇರುವ ಕೆಟ್ಟ ಭಾವನೆಯಲ್ಲಿರುತ್ತದೆ. ಬೈದುಕೊಂಡಷ್ಟೂ ಆ ಭಾವನೆ ಬೆಳೆಯುತ್ತದೆ, ಕಡತ ತೆರೆಯುವ ಧೈರ್ಯ ಕುಗ್ಗುತ್ತದೆ. ಮೂರು ತಿಂಗಳಿಂದ ಉತ್ತರಿಸದ ಇಮೇಲ್ ಒಂದು ಎಲ್ಲರಿಗೂ ಇರುತ್ತದಲ್ಲ, ಅದನ್ನು ತೆರೆಯದಿರಲು ಕಾರಣ ಸಮಯದ ಅಭಾವವಲ್ಲ, ನಾಚಿಕೆ.

ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಎಡಿಎಚ್‌ಡಿ ಇರುವ ವಯಸ್ಕರಲ್ಲಿ ತಮ್ಮ ಬಗ್ಗೆ ತಮಗಿರುವ ಕರುಣೆ ಉಳಿದವರಿಗಿಂತ ಕಡಿಮೆ ಎಂದು ಕಂಡುಕೊಂಡಿತು. ಸುತ್ತಲಿನವರಿಂದ ತಾವು ಪಡೆಯುತ್ತಿದ್ದೇವೆ ಎಂದು ಅವರಿಗನಿಸುವ ಟೀಕೆಗೂ ಇದಕ್ಕೂ ನಂಟಿತ್ತು. ಆಶ್ಚರ್ಯವೇನೂ ಇಲ್ಲ. ಹೊರಗಿನ ದನಿಯೇ ಕ್ರಮೇಣ ಒಳಗಿನ ದನಿಯಾಗಿರುತ್ತದೆ.

ಕರುಣೆ ಎಂದಾಕ್ಷಣ ಕಣ್ಣುಮುಚ್ಚಿ ಕೂತು ನಾನು ಒಳ್ಳೆಯವನು ಎಂದು ಜಪಿಸುವುದು ಎಂದುಕೊಳ್ಳಬೇಕಿಲ್ಲ. ಈ ವಿಷಯವನ್ನು ಅಳೆಯುವ ಮಾಪನವನ್ನು 2003ರಲ್ಲಿ ಪ್ರಕಟಿಸಿದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಬೌದ್ಧ ಚಿಂತನೆಯಿಂದ ಪ್ರೇರಣೆ ಪಡೆದವರು. ಅವರು ಹೇಳುವುದರಲ್ಲಿ ಮೂರು ಅಂಶಗಳಿವೆ: ತನ್ನೊಡನೆ ಮೃದುವಾಗಿರುವುದು, ಎಡವುವುದು ಎಲ್ಲರ ಪಾಡು ಎಂದು ತಿಳಿಯುವುದು, ಆದದ್ದನ್ನು ಹಿಗ್ಗಿಸದೆ ಕುಗ್ಗಿಸದೆ ನೋಡುವುದು. ದಿನದ ಬಳಕೆಗೆ ಮೂರನೆಯದೇ ಹೆಚ್ಚು ಉಪಯೋಗಿ. ಫ್ಯೂಸ್ ಕಿತ್ತ ದಿನ "ನಾನು ಯಾವುದಕ್ಕೂ ಲಾಯಕ್ಕಿಲ್ಲ" ಎಂಬ ಮಾತಿನಿಂದ ಮುಂದಿನ ತಿಂಗಳಿಗೆ ಏನೂ ಸಿಗುವುದಿಲ್ಲ. "ಬಿಲ್ಲು ಬಂದಾಗ ಎಲ್ಲಿಟ್ಟೆ? ಫ್ರಿಜ್ ಮೇಲೆ. ಎರಡು ದಿನಕ್ಕೆ ಅದು ಫ್ರಿಜ್‌ನ ಭಾಗವೇ ಆಗಿಬಿಟ್ಟಿತು, ಕಣ್ಣು ಅದನ್ನು ನೋಡುವುದನ್ನೇ ಬಿಟ್ಟಿತು" ಎಂದುಕೊಂಡರೆ ಬದಲಿಸಬೇಕಾದ್ದು ಯಾವುದೆಂದು ಗೊತ್ತಾಗುತ್ತದೆ. ಬ್ಯಾಂಕ್ ಖಾತೆಯಿಂದ ತಾನಾಗಿ ಬಿಲ್ ಕಟ್ಟುವ ವ್ಯವಸ್ಥೆಗೆ ಅಂದೇ ಒಪ್ಪಿಗೆ ಕೊಟ್ಟರೆ ಮುಂದೆ ಆ ಬಿಲ್ಲನ್ನು ನೆನಪಿಡುವ ಕೆಲಸವೇ ಇಲ್ಲ.

ತಲೆಯಿಂದ ಗೋಡೆಗೆ

ಎಡಿಎಚ್‌ಡಿ ಕುರಿತು ದಶಕಗಳಿಂದ ಬರೆಯುತ್ತಿರುವ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಅವರ ವಾದದ ತಿರುಳು ಇದು: ಏನು ಮಾಡಬೇಕೆಂದು ಇವರಿಗೆ ಗೊತ್ತಿದೆ, ಗೊತ್ತಿರುವುದನ್ನು ಆ ಹೊತ್ತಿಗೆ ಮಾಡುವುದು ಕಷ್ಟ. ಹಾಗಾಗಿ ಸಹಾಯವೂ ಆ ಜಾಗದಲ್ಲಿ, ಆ ಹೊತ್ತಿಗೇ ಸಿಗಬೇಕು. ತತ್ಕಾಲದ ನೆನಪು ಇಲ್ಲಿ ದರ್ಶಿನಿಯ ನಿಂತು ತಿನ್ನುವ ಪುಟ್ಟ ಮೇಜಿನಂತೆ. ಮೂರನೇ ತಟ್ಟೆ ಇಡಲು ಹೋದರೆ ಮೊದಲನೆಯದು ಕೆಳಗೆ. ನೆನಪಿಡುತ್ತೇನೆ ಎಂದು ಹಟ ಹಿಡಿಯುವ ಬದಲು ನೆನಪನ್ನು ತಲೆಯಿಂದ ತೆಗೆದು ಗೋಡೆಗೆ, ಬಾಗಿಲಿಗೆ, ಕೈಗೆ ಕಟ್ಟುವುದೇ ಜಾಣತನ.

ಬಾಗಿಲ ಪಕ್ಕ ಒಂದು ಮೊಳೆ. ಗಾಡಿ ಕೀ ಅಲ್ಲಿಗೇ. ಚಪ್ಪಲಿ ಬಿಡುವ ಮುನ್ನ ಕೀ ತೂಗುಹಾಕುವುದು ಎಂದು ಎರಡನ್ನೂ ಗಂಟುಹಾಕಿದರೆ ರೂಢಿಯಾಗುತ್ತದೆ. ಕೀ ಗೊಂಚಲು ಚಂದದ ಮರದ ಪೆಟ್ಟಿಗೆಯೊಳಗೆ ಹೋದರೆ ಉಪಯೋಗವಿಲ್ಲ. ಮುಚ್ಚಳ ತೆಗೆಯುವುದು ಎಂಬ ಒಂದು ಹೆಜ್ಜೆ ಹೆಚ್ಚಾದರೂ ಕೀ ಸೋಫಾದ ಮೇಲೆ ಉಳಿಯುತ್ತದೆ. ಎರಡನೇ ಕೀ ಎದುರುಮನೆಯ ಆಂಟಿ ಹತ್ತಿರ ಇರಲಿ.

ಅಡುಗೆಮನೆಯಲ್ಲೂ ಇದೇ ಲೆಕ್ಕ. ಸಾಲಾಗಿ ಮಿನುಗುವ ಸ್ಟೀಲ್ ಡಬ್ಬಗಳು ನೋಡಲು ಚೆಂದ, ಆದರೆ ಒಳಗೇನಿದೆ ಎಂದು ಹೇಳುವುದಿಲ್ಲ. ಕಾಣದ್ದು ಇಲ್ಲವೆಂದೇ ಅರ್ಥ. ರವೆ ಇದ್ದರೂ ಮತ್ತೊಂದು ಕೆಜಿ ರವೆ ಬರುತ್ತದೆ, ಕಡಲೆಬೇಳೆ ಮುಗಿದದ್ದು ಒಗ್ಗರಣೆಯ ಹೊತ್ತಿಗೆ ತಿಳಿಯುತ್ತದೆ. ಗಾಜಿನ ಅಥವಾ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಈ ಜಗಳ ತಪ್ಪಿಸುತ್ತದೆ. ಒಲೆಯ ಮೇಲೆ ಹಾಲಿಟ್ಟು "ಒಂದು ನಿಮಿಷ" ಎಂದು ಹೊರಗೆ ಹೋಗುವವರಿಗೆ ಪುಟ್ಟ ಉಪಾಯ: ಸೌಟನ್ನು ಕೈಯಲ್ಲೇ ಹಿಡಿದು ಹೋಗುವುದು. ಬಟ್ಟೆ ಒಣಹಾಕಲು ಹೋಗಿ ಅಲ್ಲಿ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತರೂ ಕೈಯಲ್ಲಿರುವ ಸೌಟು ಕಾಣುತ್ತದೆ, ಹಾಲು ನೆನಪಾಗುತ್ತದೆ. ನೋಡಿದವರು ನಗಬಹುದು. ನಗಲಿ, ಹಾಲು ಉಳಿಯುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಟೈಮರ್ ಇಟ್ಟರೆ ತಾನೇ ಆರುವ ಇಂಡಕ್ಷನ್ ಒಲೆ ಸುರಕ್ಷಿತ.

ಸಮಯದ ವಿಷಯ ಇನ್ನೂ ಜಟಿಲ. ಎಡಿಎಚ್‌ಡಿ ಇರುವವರಿಗೆ ಇರುವುದು ಎರಡೇ ಕಾಲ, 'ಈಗ' ಮತ್ತು 'ಈಗಲ್ಲ' ಎಂಬ ತಮಾಷೆ ಈ ವಲಯದಲ್ಲಿ ಪ್ರಚಲಿತ. ಮದುವೆಗೆ ಹತ್ತೂವರೆಗೆ ಮುಹೂರ್ತ ಎಂದರೆ ಇವರ ತಲೆಯಲ್ಲಿ ಹತ್ತೂವರೆ ಮಾತ್ರ ಇರುತ್ತದೆ. ಸೀರೆ ಉಡುವುದು, ಉಡುಗೊರೆಯ ಲಕೋಟೆ ಹುಡುಕುವುದು, ಕ್ಯಾಬ್ ಬರುವುದು, ಸಿಲ್ಕ್ ಬೋರ್ಡಿನಲ್ಲಿ ನಿಲ್ಲುವುದು ಯಾವುದೂ ಇರುವುದಿಲ್ಲ. ಮುಟ್ಟಬೇಕಾದ ಹೊತ್ತನ್ನು ಬಿಟ್ಟು ಹೊರಡಬೇಕಾದ ಹೊತ್ತನ್ನೇ ಬರೆದಿಟ್ಟುಕೊಳ್ಳುವುದು ಮೊದಲ ಹೆಜ್ಜೆ. ಅದಕ್ಕೂ ಅರ್ಧ ಗಂಟೆ ಮುಂಚೆ ಒಂದು ಅಲಾರ್ಮ್, "ಚಪ್ಪಲಿ ಹಾಕು" ಎಂಬ ಇನ್ನೊಂದು ಅಲಾರ್ಮ್. ಗಡಿಯಾರ ಮುಳ್ಳಿನದ್ದಾಗಿದ್ದರೆ ಉಳಿದ ಸಮಯ ಎಷ್ಟು ಅಗಲವಿದೆ ಎಂದು ಕಣ್ಣಿಗೆ ಕಾಣುತ್ತದೆ. ಫೋನಿನಲ್ಲಿ ಗಂಟೆ ನೋಡಲು ಹೋದವರು ವಾಟ್ಸ್ಆ್ಯಪ್‌ನಿಂದ ಹಿಂತಿರುಗುವುದು ಇಪ್ಪತ್ತು ನಿಮಿಷದ ನಂತರ. ಬಚ್ಚಲುಮನೆಯಲ್ಲಿ ಒಂದು ಅಗ್ಗದ ಗಡಿಯಾರ ಇಟ್ಟವರ ಬೆಳಗು ಎಷ್ಟೋ ಸಲೀಸಾಗುತ್ತದೆ.

ಕ್ಯಾಲೆಂಡರ್ ಒಂದೇ ಇರಬೇಕು. ಆ್ಯಪಿನಲ್ಲಿ ಅರ್ಧ, ಡೈರಿಯಲ್ಲಿ ಕಾಲು, ಹಳದಿ ಚೀಟಿಯಲ್ಲಿ ಉಳಿದದ್ದು ಇದ್ದರೆ ಮೂರನ್ನೂ ನೆನಪಿಡುವುದೇ ಹೊಸ ಕೆಲಸ. ನಮ್ಮ ಮನೆಗಳಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೇಲೆ ಗ್ಯಾಸ್ ಬಂದ ದಿನ, ಹಾಲು ಬೇಡವೆಂದ ದಿನ ಗುರುತು ಹಾಕುತ್ತಿದ್ದ ಅಜ್ಜಿಯಂದಿರ ಪದ್ಧತಿಯಲ್ಲಿ ಸ್ಯಾಫ್ರನ್ ತಂಡದ ಚಿಕಿತ್ಸೆಯ ಮುಖ್ಯ ಪಾಠವೇ ಇದೆ: ಒಂದೇ ಜಾಗ, ಎಲ್ಲರಿಗೂ ಕಾಣುವ ಜಾಗ, ಪೆನ್ನು ದಾರಕ್ಕೆ ಕಟ್ಟಿದ ಜಾಗ. ಪೆನ್ನಿಗೆ ದಾರ ಮುಖ್ಯ. ಪೆನ್ನು ಹುಡುಕಲು ಹೋದವರು ಬರೆಯಬೇಕಾದ್ದನ್ನು ಮರೆತು ಡ್ರಾಯರ್ ಒಪ್ಪಮಾಡುತ್ತಾ ಕೂರುತ್ತಾರೆ.

ಕೆಲಸ ಶುರುಮಾಡುವುದು ಎಲ್ಲಕ್ಕಿಂತ ದೊಡ್ಡ ಬೆಟ್ಟ. ಪಟ್ಟಿಯಲ್ಲಿ 'ಇನ್‌ಕಮ್ ಟ್ಯಾಕ್ಸ್ ರಿಟರ್ನ್' ಎಂದು ಬರೆದರೆ ಗಡುವಿನ ಹಿಂದಿನ ರಾತ್ರಿ ಹನ್ನೊಂದರವರೆಗೂ ಅದು ಹಾಗೇ ಇರುತ್ತದೆ. ಅದು ಕೆಲಸವಲ್ಲ, ಹತ್ತು ಕೆಲಸಗಳ ಮೂಟೆ. 'ಕಪಾಟಿನಿಂದ ನೀಲಿ ಫೈಲ್ ತೆಗೆದು ಮೇಜಿನ ಮೇಲಿಡು' ಎಂದು ಬರೆದರೆ ಕೈ ಓಡುತ್ತದೆ. 'ಯಾವಾಗ ಹೀಗಾಗುತ್ತದೋ ಆಗ ಹೀಗೆ ಮಾಡುತ್ತೇನೆ' ಎಂಬ ರೂಪದಲ್ಲಿ ಮೊದಲೇ ನಿಶ್ಚಯಿಸಿಕೊಂಡರೆ ಕೆಲಸ ನಡೆಯುವ ಸಾಧ್ಯತೆ ಹೆಚ್ಚುತ್ತದೆ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ ಅವರ ಸಂಶೋಧನೆ ತೋರಿಸಿದೆ. ಎಡಿಎಚ್‌ಡಿ ಇರುವ ಮಕ್ಕಳ ಮೇಲೂ ಇದನ್ನು ಪರೀಕ್ಷಿಸಿದ್ದಾರೆ. "ಸಂಜೆ ಕಾಫಿ ಲೋಟ ತೊಳೆದಿಟ್ಟ ಕೂಡಲೇ ಫೈಲ್ ತೆಗೆಯುತ್ತೇನೆ" ಎಂಬುದು "ಈ ವಾರ ಮುಗಿಸುತ್ತೇನೆ" ಎಂಬುದಕ್ಕಿಂತ ಎಷ್ಟೋ ಗಟ್ಟಿ.

ಕೂತ ಮೇಲೆ ಮನಸ್ಸು ಹಾರುವುದು ಖಚಿತ. ಸ್ಯಾಫ್ರನ್ ಅವರ ವಿಧಾನದಲ್ಲಿ ಇದಕ್ಕೊಂದು ಸರಳ ಪರಿಹಾರವಿದೆ. ತನ್ನ ಗಮನ ಸಹಜವಾಗಿ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ಮೊದಲು ಅಳೆಯುವುದು. ಹನ್ನೆರಡು ನಿಮಿಷವೆಂದರೆ ಹನ್ನೆರಡೇ, ಅದಕ್ಕೆ ನಾಚಬೇಕಿಲ್ಲ. ಕೆಲಸವನ್ನು ಅಷ್ಟಷ್ಟೇ ತುಂಡು ಮಾಡಿ ಟೈಮರ್ ಇಟ್ಟು ಕೂರುವುದು. ನಡುವೆ "ಅಯ್ಯೋ, ಗ್ಯಾಸ್ ಬುಕ್ ಮಾಡಿಲ್ಲ" ಎಂದು ಹೊಳೆದರೆ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆದು ಮುಂದುವರಿಯುವುದು, ಟೈಮರ್ ಹೊಡೆದ ಮೇಲೆ ಅದನ್ನು ನೋಡುವುದು. ಬರೆದಾಗ ಅರ್ಧಕ್ಕರ್ಧ ವಿಷಯಗಳು ಅಷ್ಟೇನೂ ತುರ್ತಲ್ಲ ಎಂದು ತಿಳಿಯುತ್ತದೆ.

ಒಬ್ಬರೇ ಕೂತರೆ ಆಗದ ಕೆಲಸ ಪಕ್ಕದಲ್ಲಿ ಯಾರೋ ಕೂತರೆ ಆಗುತ್ತದೆ. ಅವರು ಸಹಾಯ ಮಾಡಬೇಕಿಲ್ಲ, ತಮ್ಮ ಪಾಡಿಗೆ ಹೂ ಕಟ್ಟುತ್ತಲೋ ಲ್ಯಾಪ್‌ಟಾಪ್ ನೋಡುತ್ತಲೋ ಇದ್ದರೆ ಸಾಕು. ಇದರ ಬಗ್ಗೆ ಸಂಶೋಧನೆ ತೆಳು, ಬಳಸುವವರ ಸಂಖ್ಯೆ ಮಾತ್ರ ದೊಡ್ಡದು. ವಿಡಿಯೊ ಕರೆ ತೆರೆದಿಟ್ಟು ಇಬ್ಬರು ಗೆಳತಿಯರು ತಂತಮ್ಮ ಮನೆಯ ಬೀರು ಒಪ್ಪಮಾಡುವುದೂ ಇದೇ.

ದುಡ್ಡಿನಲ್ಲಿ ಎರಡು ತೂತುಗಳಿರುತ್ತವೆ. ಒಂದು, ಗಡುವು ದಾಟಿದ್ದಕ್ಕೆ ಕಟ್ಟುವ ದಂಡ. ಸಂಬಳ ಬಂದ ಮರುದಿನವೇ ಇಎಂಐ, ಬಾಡಿಗೆ, ವಿಮೆ ತಾನಾಗಿ ಕಡಿತವಾಗುವಂತೆ ಮಾಡಿದರೆ ಅದು ಮುಚ್ಚುತ್ತದೆ. ಇನ್ನೊಂದು, ರಾತ್ರಿ ಹನ್ನೆರಡರ ಖರೀದಿ. ಶಾಪಿಂಗ್ ಆ್ಯಪಿನಲ್ಲಿ ಕಾರ್ಡ್ ವಿವರ ಉಳಿಸದಿದ್ದರೆ ಎದ್ದು ಪರ್ಸ್ ತರಬೇಕಾಗುತ್ತದೆ. ಆ ಸೋಮಾರಿತನ ಇಲ್ಲಿ ಉಪಕಾರಿ.

ಮನೆಯವರು, ಕಚೇರಿಯವರು

"ಏನ್ರೀ, ಮೊಸರು ತನ್ನಿ ಅಂದ್ರೆ ಮಲ್ಲಿಗೆ ಗಿಡ ತಂದಿದೀರಲ್ಲ!" ಮೊದಲ ವರ್ಷ ಇದು ನಗುವ ವಿಷಯ. ಹತ್ತನೇ ವರ್ಷಕ್ಕೆ ಹೆಂಡತಿ ಮ್ಯಾನೇಜರ್, ಗಂಡ ಬೈಸಿಕೊಳ್ಳುವ ಗುಮಾಸ್ತ. ಇಬ್ಬರಿಗೂ ಆ ಕೆಲಸ ಬೇಕಿರುವುದಿಲ್ಲ. ಬಾಯಲ್ಲಿ ಹೇಳಿದ್ದಕ್ಕೆ ಲೆಕ್ಕವಿಲ್ಲ, ಮೆಸೇಜ್‌ನಲ್ಲಿ ಬಂದದ್ದಕ್ಕೆ ಮಾತ್ರ ಲೆಕ್ಕ ಎಂಬ ಒಪ್ಪಂದ ಅನೇಕ ಜಗಳಗಳನ್ನು ತಪ್ಪಿಸಬಲ್ಲದು. ಭಾನುವಾರ ತಿಂಡಿಯ ನಂತರ ಇಬ್ಬರೂ ಕ್ಯಾಲೆಂಡರ್ ಮುಂದೆ ಸ್ವಲ್ಪ ಹೊತ್ತು ಕೂತರೆ ವಾರದ ನಡುವೆ ನೆನಪಿಸುವ ಮಾತು ತಗ್ಗುತ್ತದೆ. ಕೆಲಸದ ಹಂಚಿಕೆಯೂ ಬದಲಾಗಬಹುದು: ದಿನವೂ ಒಂದೇ ಹೊತ್ತಿಗೆ ಮಾಡಬೇಕಾದ್ದು ಒಬ್ಬರಿಗೆ, ಓಡಾಟದ, ತುರ್ತಿನ, ಹೊಸದಾದ ಕೆಲಸ ಇನ್ನೊಬ್ಬರಿಗೆ.

ಇದೇ ಮರೆವು ಹೆಣ್ಣುಮಕ್ಕಳಲ್ಲಿದ್ದರೆ ಮನೆ ಇಷ್ಟು ಉದಾರವಾಗಿರುವುದಿಲ್ಲ. ಮಗುವಿನ ಲಸಿಕೆ, ಪಿಟಿಎಂ, ಮಾವನ ಬಿಪಿ ಮಾತ್ರೆ, ಗೌರಿಹಬ್ಬಕ್ಕೆ ಯಾರಿಗೆ ಬಾಗಿನ, ಯಾರ ಮದುವೆಯಲ್ಲಿ ಎಷ್ಟು ಮುಯ್ಯಿ ಬಂದಿತ್ತು ಎಂಬುದೆಲ್ಲ ಸೊಸೆಯ ತಲೆಯಲ್ಲೇ ಇರಬೇಕೆಂಬುದು ಅಲಿಖಿತ ನಿಯಮ. ಹುಡುಗಿಯರಲ್ಲಿ ಕುಣಿತಕ್ಕಿಂತ ಕನಸುಗಣ್ಣಿನ ಅನ್ಯಮನಸ್ಕತೆ ಹೆಚ್ಚು ಕಾಣುವುದರಿಂದ ಶಾಲೆಯಲ್ಲಿ ಯಾರೂ ಗಮನಿಸಿರುವುದಿಲ್ಲ. ಅಪ್ಪ ಅಮ್ಮ ಹಾಕಿಕೊಟ್ಟ ದಿನಚರಿಯ ಆಸರೆಯಲ್ಲಿ ಡಿಗ್ರಿಯೂ ಮುಗಿದಿರುತ್ತದೆ. ಮದುವೆ, ಮಗು, ಉದ್ಯೋಗ ಮೂರೂ ಒಟ್ಟಿಗೆ ಬಿದ್ದಾಗ ಕುಸಿತ. ಋತುಬಂಧದ ವರ್ಷಗಳಲ್ಲಿ ಹಾರ್ಮೋನ್ ಬದಲಾವಣೆಯಿಂದ ಲಕ್ಷಣಗಳು ಹೆಚ್ಚಾದವೆಂದು ಹೇಳುವವರೂ ಇದ್ದಾರೆ. ಇಂಥವರಿಗೆ ಬೇಕಾದ ಮೊದಲ ಉಪಾಯ ಹೊಸ ಆ್ಯಪ್ ಅಲ್ಲ. ಮಾವನ ಮಾತ್ರೆಯ ನೆನಪು ಮಾವನ ಮಗನಿಗೆ ಹೋಗಲಿ.

ಕಚೇರಿಯಲ್ಲಿ ಹೇಳಿಕೊಳ್ಳಬೇಕೇ? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ವಿಭಾಗಗಳಲ್ಲಿ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ, ಆದ್ದರಿಂದ ಹೇಳಿಕೊಂಡ ಮಾತ್ರಕ್ಕೆ ಸವಲತ್ತು ಸಿಗುತ್ತದೆ ಎನ್ನಲಾಗದು. ಕಾಯಿಲೆಯ ಹೆಸರು ಹೇಳದೆಯೂ ಬೇಕಾದ್ದನ್ನು ಕೇಳಬಹುದು. "ಸರ್, ಇದನ್ನು ಒಂದು ಮೇಲ್ ಹಾಕ್ತೀರಾ?" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ತಿಂಗಳ ಕೊನೆಯ ಒಂದು ಗಡುವಿನ ಬದಲು ಪ್ರತಿ ಶುಕ್ರವಾರ ಆದಷ್ಟನ್ನು ತೋರಿಸುತ್ತೇನೆ ಎಂದರೆ ಮೇಲಧಿಕಾರಿಗೂ ಖುಷಿ.

ನಿದ್ದೆಯ ವಿಷಯವನ್ನು ಚಿಕ್ಕದಾಗಿ ಹೇಳಿದರೆ ಸಾಕು, ಏಕೆಂದರೆ ಎಲ್ಲರಿಗೂ ಗೊತ್ತಿದೆ, ಯಾರೂ ಮಾಡುವುದಿಲ್ಲ. ಎಡಿಎಚ್‌ಡಿ ಇರುವ ಅನೇಕರ ದೇಹದ ಗಡಿಯಾರ ತಡವಾಗಿ ಓಡುತ್ತದೆ, ರಾತ್ರಿ ಹನ್ನೊಂದಕ್ಕೆ ತಲೆ ಚುರುಕಾಗುತ್ತದೆ. ಫೋನಿನ ಚಾರ್ಜರನ್ನು ಹಾಲ್‌ನಲ್ಲಿಡುವುದು, ಬೆಳಗಿನ ಬಿಸಿಲಿಗೆ ನಡೆಯುವುದು ಎರಡೂ ಪ್ರಯೋಜನಕಾರಿ. ವ್ಯಾಯಾಮದಿಂದ ಗಮನಕ್ಕೆ ಸ್ವಲ್ಪ ಮಟ್ಟಿನ ಲಾಭವಿದೆ.

ಇಷ್ಟೆಲ್ಲ ಮಾಡಿದ ಮೇಲೂ ಮೂರನೇ ವಾರಕ್ಕೆ ಎಲ್ಲ ಕುಸಿಯುತ್ತದೆ. ಇದನ್ನು ಮೊದಲೇ ಹೇಳದ ಪುಸ್ತಕಗಳಿಂದ ಆಗಿರುವ ಅನ್ಯಾಯ ಸಣ್ಣದಲ್ಲ. ಹೊಸತನದ ಬಲದಿಂದ ಓಡಿದ್ದು ಹೊಸತನ ಮುಗಿದಾಗ ನಿಲ್ಲುತ್ತದೆ. ಅಲಾರ್ಮ್ ಕಿವಿಗೆ ಬೀಳುವುದಿಲ್ಲ, ಚೀಟಿ ಕಣ್ಣಿಗೆ ಬೀಳುವುದಿಲ್ಲ. ಆಗ ಅಲಾರ್ಮಿನ ಹಾಡು ಬದಲಿಸಬೇಕು, ಚೀಟಿಯನ್ನು ಗೋಡೆಯಿಂದ ಕನ್ನಡಿಗೆ ಸಾಗಿಸಬೇಕು, ನೋಟ್‌ಬುಕ್ಕಿನ ಹಾಳೆ ತಿರುಗಿಸಿ ಅಂದಿನ ದಿನಾಂಕದಿಂದ ಶುರುಮಾಡಬೇಕು. ಬಿಟ್ಟುಹೋದ ಹತ್ತು ದಿನಗಳನ್ನು ತುಂಬಲು ಹೋಗಬಾರದು.

ಈ ಲೇಖನ ಓದಿ ಮನೋವೈದ್ಯರನ್ನು ಕಾಣಲು ಹೊರಡುವವರಿಗೂ ಈ ಉಪಾಯಗಳೇ ಅನ್ವಯ. ಅಪಾಯಿಂಟ್‌ಮೆಂಟನ್ನು ಈಗಲೇ, ಪುಟ ಮುಚ್ಚುವ ಮುನ್ನ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅದು ಮುಂದಿನ ದಸರಾಕ್ಕೆ ಹೋಗುತ್ತದೆ. ತೊಂದರೆ ಕೊಡುತ್ತಿರುವ ನಾಲ್ಕೈದು ನಿಜ ಘಟನೆಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಕು, ವೈದ್ಯರ ಎದುರು ಒಂದೂ ನೆನಪಾಗುವುದಿಲ್ಲ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಥೈರಾಯ್ಡ್ ವರದಿ ಇದ್ದರೆ ಅದು, ಸಿಕ್ಕರೆ ಹಳೆಯ ಮಾರ್ಕ್ಸ್ ಕಾರ್ಡ್ ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ ಹಿಂದಿನ ರಾತ್ರಿಯೇ ಗಾಡಿಯ ಡಿಕ್ಕಿಯಲ್ಲಿಡುವುದು ವಾಸಿ. ಅಕ್ಕನನ್ನು ಜೊತೆಗೆ ಕರೆಯುವುದಾದರೆ ಹೊರಡುವ ಹೊತ್ತನ್ನು ಅವರಿಗೂ ಹೇಳಿಡಬಹುದು.